ಬೇಟೆಗಾರನ ಸಂಯಮ

ಬೇಟೆಯಾಡುವವನಿಗೂ ಕಾಡನ್ನು ಕಾಯುವವನಿಗೂ ಎಂದೆಂದಿಗೂ ಹಗೆತನವೆಂಬುದು ಸಾಮಾನ್ಯ ಭಾವನೆ. ಒಬ್ಬನು ಕೊಲ್ಲುವವನು, ಇನ್ನೊಬ್ಬನು ಉಳಿಸುವವನು. ಆದರೆ ಇವರಿಬ್ಬರೂ ಒಂದೇ ದೇಹದಲ್ಲಿ ನೆಲಸಿ, ಜೀವಮಾನವಿಡೀ ತಮ್ಮೊಳಗೆ ವಾದಿಸಿ, ಕೊನೆಗೆ ಒಂದು ಹೊಸ ಶಾಸ್ತ್ರಕ್ಕೂ ಒಂದು ಹೊಸ ನೀತಿಗೂ ಕಾರಣರಾದುದುಂಟು. ಅಮೆರಿಕದ ಆಲ್ಡೊ ಲಿಯೊಪೋಲ್ಡ್‌ನ ಬಾಳು ಅಂಥದು.

ಲಿಯೊಪೋಲ್ಡ್ ಜನಿಸಿದುದು 1887ನೆಯ ಇಸವಿ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್‌ಟನ್ ಎಂಬ ಪಟ್ಟಣದಲ್ಲಿ. ಮಿಸಿಸಿಪಿ ಮಹಾನದಿಯ ದಂಡೆಯ ಊರು ಅದು. ತಂದೆ ಕಾರ್ಲ್ ಲಿಯೊಪೋಲ್ಡ್ ಮರದ ಮೇಜುಗಳನ್ನು ತಯಾರಿಸುವ ಉದ್ಯಮಿ. ಜೊತೆಗೆ ನುರಿತ ಬೇಟೆಗಾರ. ಅವರ ಮನೆಯಿದ್ದ ದಿಬ್ಬದ ಕೆಳಗೆ ನದಿಯು ವಿಶಾಲವಾಗಿ ಹರಿಯುತ್ತಿತ್ತು. ಶರತ್ಕಾಲದಲ್ಲಿ ದಕ್ಷಿಣಕ್ಕೂ ವಸಂತದಲ್ಲಿ ಉತ್ತರಕ್ಕೂ ವಲಸೆ ಹೋಗುವ ಬಾತುಗಳ ಹಿಂಡುಗಳು ಆ ನದಿಯ ಬಯಲಿನ ಜವುಗುಗಳಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತಿದ್ದವು. ಆ ಕಾಲದಲ್ಲಿ ಎರಡು ಋತುಗಳಲ್ಲಿಯೂ ಅವುಗಳನ್ನು ಹೊಡೆಯುವುದು ವಾಡಿಕೆಯಾಗಿತ್ತು. ಕಾರ್ಲ್ ಮಾತ್ರ ಒಂದು ವಿಷಯವನ್ನು ಕಂಡುಕೊಂಡನು. ವಸಂತದಲ್ಲಿ ಉತ್ತರಕ್ಕೆ ಹಾರುವ ಹಕ್ಕಿ ಗೂಡು ಕಟ್ಟಲು ಹೊರಟ ಹಕ್ಕಿ. ಅದನ್ನು ಕೊಂದರೆ ಮುಂದೆ ಹುಟ್ಟಲಿರುವ ಮರಿಗಳನ್ನೂ ಕೊಂದಂತೆ. ಅಂದಿನಿಂದ ವಸಂತದಲ್ಲಿ ಅವನ ಕೋವಿ ಗೋಡೆಯನ್ನು ಬಿಟ್ಟು ಇಳಿಯಲಿಲ್ಲ. ಹೀಗೆ ಮಾಡಬೇಕೆಂದು ಯಾವ ಕಾಯಿದೆಯೂ ಅವನನ್ನು ಕಟ್ಟಿಹಾಕಿರಲಿಲ್ಲ. ವಲಸೆ ಹಕ್ಕಿಗಳ ವಸಂತಬೇಟೆಯನ್ನು ಶಾಶ್ವತವಾಗಿ ತಡೆಯುವ ಕೇಂದ್ರ ಕಾಯಿದೆ ಜಾರಿಗೆ ಬಂದುದು 1918ರಲ್ಲಿ. ಕಾರ್ಲ್ ತೀರಿಕೊಂಡುದು 1914ರಲ್ಲಿ.

ಮಗನಿಗೆ ಬೇಟೆಯನ್ನು ಕಲಿಸುವಾಗಲೂ ತಂದೆಯ ಕ್ರಮ ಹೀಗೆಯೇ ಇತ್ತು. ಅವನು ಹುಡುಗನ ಕೈಗೆ ಕೊಟ್ಟುದು ಒಂದೇ ನಳಿಗೆಯ ಕೋವಿ. ಎರಡನೆಯ ಗುಂಡಿನ ಭರವಸೆ ಇಲ್ಲದವನು ಮೊದಲನೆಯದನ್ನು ವಿಚಾರಮಾಡಿ ಹಾರಿಸುತ್ತಾನೆಂಬುದು ಅವನ ಎಣಿಕೆ. ಕೊಂಬೆಯ ಮೇಲೆ ಕುಳಿತ ಕಾಡುಕೋಳಿಗಳನ್ನು ಹೊಡೆಯಕೂಡದು, ಹಾರುವಾಗ ಮಾತ್ರ ಹೊಡೆಯಬಹುದು ಎಂಬುದು ಇನ್ನೊಂದು ಕಟ್ಟಳೆ. ಎದುರಿಗೇ ಕುಳಿತ ಹಕ್ಕಿಯನ್ನು ಬಿಟ್ಟು ಬರಿಗೈಯಲ್ಲಿ ಮನೆಗೆ ಮರಳುವುದು ಹುಡುಗನಿಗೆ ಕಷ್ಟವಾಗಿದ್ದಿರಬೇಕು. ಕಾಡಿನಲ್ಲಿ ನೋಡುವವರಾರೂ ಇಲ್ಲ. ತಪ್ಪಿದರೆ ತಿಳಿಯುವುದು ತನ್ನ ಮನಸ್ಸಿಗೆ ಮಾತ್ರ. ಬೇಟೆಗಾರನ ಶೀಲವನ್ನು ಒರೆಹಚ್ಚುವುದು ಈ ಏಕಾಂತವೇ ಎಂಬ ಅರಿವು ಲಿಯೊಪೋಲ್ಡ್‌ಗೆ ಹೀಗೆ ಬಾಲ್ಯದಲ್ಲಿಯೇ ಮೂಡಿತು.

ಅವನು ಬೆಳೆಯುತ್ತಿದ್ದ ಕಾಲ ಅಮೆರಿಕದ ವನ್ಯಜೀವಿಗಳಿಗೆ ಕೇಡುಗಾಲವಾಗಿತ್ತು. ಆಕಾಶವನ್ನು ಮುಚ್ಚುವಷ್ಟು ಸಂಖ್ಯೆಯಲ್ಲಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತುಹೋಯಿತು. ಕಾಡು ಟರ್ಕಿ ಕೋಳಿಯೂ ಅದೇ ಹಾದಿಯನ್ನು ಹಿಡಿದಿತ್ತು. ನವಿಲಿನಂತೆ ಬಾಲವನ್ನು ಬೀಸಣಿಗೆಯಾಗಿ ಹರಡುವ ಈ ದೊಡ್ಡ ಹಕ್ಕಿ ಉತ್ತರ ಅಮೆರಿಕದ ಮೂಲನಿವಾಸಿ. ಹಗಲು ನೆಲದ ಮೇಲೆ ಓಕ್ ಮರದ ಕಾಯಿ, ಬೀಜ, ಹುಳುಗಳನ್ನು ಹೆಕ್ಕಿ ತಿಂದು, ರಾತ್ರಿ ಎತ್ತರವಾದ ಮರಗಳ ಮೇಲೆ ಮಲಗುವುದು ಅದರ ಸ್ವಭಾವ. ವಲಸೆಗಾರರು ಕಾಡನ್ನು ಕಡಿದು ಹೊಲ ಮಾಡಿದರು. ಮಾಂಸದ ವ್ಯಾಪಾರಿಗಳು ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಹುಂಜ, ಹೇಂಟೆ ಎಂಬ ಭೇದವಿಲ್ಲದೆ ಕೊಂದು ಪೇಟೆಗೆ ಸಾಗಿಸಿದರು. ಮುಂದೆ ಲಿಯೊಪೋಲ್ಡ್ ನೆಲಸಲಿದ್ದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಅವನು ಹುಟ್ಟುವ ಮೊದಲೇ, 1881ರ ಹೊತ್ತಿಗೆ ಕಾಡು ಟರ್ಕಿಯ ಸದ್ದು ಅಡಗಿಹೋಗಿತ್ತು.

ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರವನ್ನು ಅಭ್ಯಾಸಮಾಡಿ, 1909ರಲ್ಲಿ ಲಿಯೊಪೋಲ್ಡ್ ಸರಕಾರದ ಅರಣ್ಯ ಇಲಾಖೆಯನ್ನು ಸೇರಿದನು. ಅವನನ್ನು ಕಳುಹಿಸಿದುದು ನೈಋತ್ಯದ ಅರಿಜೋನ ಪ್ರಾಂತಕ್ಕೆ. ಹದಿಹರೆಯದ ಹುರುಪಿನ್ನೂ ಮಾಸದ ಆ ವಯಸ್ಸಿನಲ್ಲಿ, ತೋಳಗಳು ಕಡಮೆಯಾದರೆ ಜಿಂಕೆಗಳು ಹೆಚ್ಚುತ್ತವೆ, ಜಿಂಕೆಗಳು ಹೆಚ್ಚಿದರೆ ಬೇಟೆಗಾರನಿಗೆ ಸ್ವರ್ಗ ಎಂದೇ ಎಲ್ಲರಂತೆ ಅವನೂ ನಂಬಿದ್ದನು. ಒಂದು ದಿನ ಬಂಡೆಯಂಚಿನಲ್ಲಿ ಬುತ್ತಿಯುಣ್ಣುತ್ತಿದ್ದಾಗ ಕೆಳಗೆ ತೋಳವೊಂದು ಮರಿಗಳೊಡನೆ ಕಾಣಿಸಿತು. ಲಿಯೊಪೋಲ್ಡ್ ಮತ್ತು ಅವನ ಜೊತೆಗಾರರು ಹಿಂದುಮುಂದು ನೋಡದೆ ಗುಂಡಿನ ಮಳೆಗರೆದರು. ಇಳಿದು ಹೋಗಿ ನೋಡಿದಾಗ ತಾಯಿತೋಳ ಪ್ರಾಣ ಬಿಡುತ್ತಿತ್ತು. ಅದರ ಕಣ್ಣಿನ ಬೆಳಕು ನಂದಿದುದನ್ನು ಅವನು ಹತ್ತಿರದಿಂದ ಕಂಡನು. ಆ ನೋಟ ಕೂಡಲೇ ಅವನನ್ನು ಬದಲಿಸಲಿಲ್ಲ. ಮುಂದೆ ಹಲವು ವರ್ಷಗಳ ಕಾಲ ಅವನು ತೋಳಗಳ ನಿರ್ಮೂಲನವನ್ನೇ ಸಾರಿದನು. ಆದರೆ ಮನಸ್ಸಿನ ಮೂಲೆಯಲ್ಲಿ ಅದು ಉಳಿಯಿತು. ಸುಮಾರು 35 ವರ್ಷಗಳ ಅನಂತರ, 1944ರಲ್ಲಿ, ತನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು ಅವನು ಒಂದು ಪ್ರಬಂಧವನ್ನು ಬರೆದನು. ತೋಳವಿಲ್ಲದ ಬೆಟ್ಟದಲ್ಲಿ ಜಿಂಕೆಗಳು ಮಿತಿಮೀರಿ ಹೆಚ್ಚಿ, ಗಿಡಮರಗಳನ್ನೆಲ್ಲ ಮೇದು, ಕೊನೆಗೆ ತಾವೂ ಹಸಿವಿನಿಂದ ಸಾಯುವುದನ್ನು ಆ ವೇಳೆಗೆ ಅವನು ಕಂಡಿದ್ದನು.

1912ರಲ್ಲಿ ಎಸ್ಟೆಲ್ಲಾ ಬರ್ಗೆರೆ ಎಂಬಾಕೆಯೊಡನೆ ಅವನ ವಿವಾಹವಾಯಿತು. ಮರುವರ್ಷವೇ ವಿಪತ್ತು ಎರಗಿತು. ಕಾಡಿನ ಸಂಚಾರದಲ್ಲಿ ಮಳೆ, ಚಳಿಗಳಿಗೆ ಸಿಕ್ಕಿ ಮೂತ್ರಪಿಂಡಗಳ ಬಾವಿನಿಂದ ಅವನು ಸಾವಿನ ಅಂಚಿಗೆ ಹೋದನು. ಒಂದು ವರ್ಷಕ್ಕೂ ಮಿಕ್ಕಿ ಹಾಸಿಗೆ, ಕುರ್ಚಿಗಳೇ ಗತಿಯಾದವು. ಹಿರಿಯ ಮಗ ಸ್ಟಾರ್ಕರ್ ಹುಟ್ಟಿದುದು ಆ ದಿನಗಳಲ್ಲಿಯೇ. ಬೇಟೆಗೂ ಕುದುರೆಸವಾರಿಗೂ ಹೋಗಲಾರದ ಆ ದೀರ್ಘ ವಿರಾಮದಲ್ಲಿ ಲಿಯೊಪೋಲ್ಡ್ ಓದಿದನು, ಆಲೋಚಿಸಿದನು. ಚೇತರಿಸಿಕೊಂಡು ಕೆಲಸಕ್ಕೆ ಮರಳಿದ ಮೇಲೆ 1915ರಿಂದ ಬೇಟೆಪ್ರಾಣಿಗಳ ರಕ್ಷಣೆಯ ಕಾರ್ಯ ಅವನ ಪಾಲಿಗೆ ಬಂದಿತು. ಊರೂರು ಸುತ್ತಿ ಬೇಟೆಗಾರರನ್ನೇ ಸೇರಿಸಿ ಸಂಘಗಳನ್ನು ಕಟ್ಟಿದನು. ಒಬ್ಬನು ಇಷ್ಟೇ ಪ್ರಾಣಿಗಳನ್ನು ಹೊಡೆಯಬೇಕು, ಇಂಥ ಋತುವಿನಲ್ಲಿಯೇ ಹೊಡೆಯಬೇಕು, ಕಾಯಿದೆ ಎಲ್ಲರಿಗೂ ಒಂದೇ ಆಗಿರಬೇಕು ಎಂದು ವಾದಿಸಿದನು. ತಂದೆಯು ತನ್ನೊಬ್ಬನಿಗೇ ಹಾಕಿಕೊಂಡಿದ್ದ ಕಟ್ಟಳೆಯನ್ನು ಮಗನು ಸಮಾಜದ ಕಟ್ಟಳೆಯಾಗಿಸಲು ಹೊರಟಂತಾಯಿತು.

1924ರಲ್ಲಿ ಅವನು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ಬಂದು ನೆಲಸಿದನು. 1928ರಲ್ಲಿ ಅರಣ್ಯ ಇಲಾಖೆಯನ್ನು ಬಿಟ್ಟು, ಮಧ್ಯ ಅಮೆರಿಕದ ಬಯಲುನಾಡಿನ ರಾಜ್ಯಗಳಲ್ಲಿ ಬೇಟೆಪ್ರಾಣಿಗಳ ಸ್ಥಿತಿಗತಿಯನ್ನು ಅಳೆಯುವ ಸಮೀಕ್ಷೆಗೆ ತೊಡಗಿದನು. ಈ ಅನುಭವದ ಫಲವೇ 1933ರಲ್ಲಿ ಪ್ರಕಟವಾದ ಬೇಟೆಪ್ರಾಣಿಗಳ ನಿರ್ವಹಣೆಯನ್ನು ಕುರಿತ ಮಹಾಗ್ರಂಥ. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ಆ ವಿಷಯಕ್ಕೆಂದೇ ಒಂದು ಪ್ರಾಧ್ಯಾಪಕ ಪೀಠವನ್ನು ನಿರ್ಮಿಸಿ ಅವನನ್ನು ಕರೆಯಿತು. ನಿಷೇಧವೊಂದರಿಂದಲೇ ಪ್ರಾಣಿಗಳು ಉಳಿಯಲಾರವು. ಅವುಗಳಿಗೆ ಮೇವು, ನೀರು, ಮರೆ, ಗೂಡಿನ ನೆಲೆ ಇವೆಲ್ಲ ಬೇಕು. ಇವಿದ್ದಲ್ಲಿ ಸಂತಾನ ಹೆಚ್ಚುತ್ತದೆ. ಹೆಚ್ಚಳದ ಒಂದು ಪಾಲನ್ನು ಮಾತ್ರ ಮನುಷ್ಯನು ತೆಗೆದುಕೊಂಡರೆ ಮೂಲಧನ ಕರಗುವುದಿಲ್ಲ. ಇದು ಆ ಗ್ರಂಥದ ತಿರುಳು.

ಈ ತತ್ತ್ವವು ಕಾರ್ಯರೂಪಕ್ಕೆ ಬಂದ ಬಗೆಯನ್ನು ತಿಳಿಯಲು ಕಾಡು ಟರ್ಕಿಗಿಂತ ಉತ್ತಮ ನಿದರ್ಶನವಿಲ್ಲ. ಆ ಹಕ್ಕಿ ಕ್ಷೀಣಿಸಿದ್ದ ಮಿಸೌರಿ ರಾಜ್ಯದಲ್ಲಿ ಸಾಕಣೆಯ ಟರ್ಕಿಗಳ ಬೆರಕೆ ತಳಿಯನ್ನು ಸಾವಿರಾರು ಸಂಖ್ಯೆಯಲ್ಲಿ ಕಾಡಿಗೆ ಬಿಟ್ಟಿದ್ದರು. ಅವು ಬೇರೂರಲಿಲ್ಲ. ಕಾರಣವನ್ನು ಶೋಧಿಸಿದವನು ಲಿಯೊಪೋಲ್ಡ್‌ನ ಮಗ ಸ್ಟಾರ್ಕರ್. ಓಜಾರ್ಕ್ ಗುಡ್ಡಗಳಲ್ಲಿ ವರ್ಷಗಟ್ಟಲೆ ಹಕ್ಕಿಗಳನ್ನು ಅಭ್ಯಸಿಸಿ, 1944ರಲ್ಲಿ ಅವನು ತನ್ನ ನಿರ್ಣಯವನ್ನು ಪ್ರಕಟಿಸಿದನು. ಕಾಡಿನಲ್ಲಿ ಬಾಳುವ ಎಚ್ಚರವು ವಂಶದಿಂದ ಬರುವ ಗುಣ. ಕೊಟ್ಟಿಗೆಯ ರಕ್ತ ಬೆರೆತ ಹಕ್ಕಿಗಳಿಗೆ ಅದು ಸಾಲದು ಎಂಬುದೇ ಆ ನಿರ್ಣಯ. ಅಪ್ಪಟ ಕಾಡುಹಕ್ಕಿಗಳನ್ನೇ ಹಿಡಿದು, ಅವು ಅಳಿದುಹೋದ ಕಾಡುಗಳಲ್ಲಿ ಬಿಡುವುದೊಂದೇ ಸರಿಯಾದ ಮಾರ್ಗವೆಂದು ಮುಂದೆ ಎಲ್ಲರೂ ಮನಗಂಡರು.

ಹಕ್ಕಿಗಳು ಮರಳಿದ ಮೇಲೆ ಬೇಟೆಯ ಋತು ಯಾವುದಾಗಬೇಕೆಂಬ ಪ್ರಶ್ನೆ ಎದ್ದಿತು. ತಂದೆ ಕಾರ್ಲ್‌ನು ವಸಂತದಲ್ಲಿ ಕೋವಿಯನ್ನು ಮುಟ್ಟಲಿಲ್ಲ. ಆದರೆ ಟರ್ಕಿಯ ಬಾಳು ಬಾತಿನ ಬಾಳಿನಂತಲ್ಲ. ಒಂದು ಹುಂಜವು ಅನೇಕ ಹೇಂಟೆಗಳನ್ನು ಕೂಡುತ್ತದೆ. ಹೇಂಟೆಯು ನೆಲದ ಮೇಲೆ ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು, ಸುಮಾರು 28 ದಿನ ಒಂಟಿಯಾಗಿಯೇ ಕಾವು ಕೂರುತ್ತದೆ. ಹುಂಜವು ಗೂಡಿನತ್ತ ಸುಳಿಯುವುದೂ ಇಲ್ಲ, ಮರಿಗಳನ್ನು ಸಾಕುವುದೂ ಇಲ್ಲ. ಆದುದರಿಂದ ಹೇಂಟೆಗಳಲ್ಲಿ ಬಹುಪಾಲು ಗೂಡು ಸೇರಿದ ಮೇಲೆ ಕೆಲವು ಹುಂಜಗಳನ್ನು ತೆಗೆದರೆ ಮುಂದಿನ ಪೀಳಿಗೆಗೆ ನಷ್ಟವಾಗದು. ಒಂದು ಹಕ್ಕಿಯ ವಿಷಯದಲ್ಲಿ ಪಾಪವಾದುದು ಇನ್ನೊಂದರ ವಿಷಯದಲ್ಲಿ ಸಲ್ಲುವುದು ಹೀಗೆ. ನಿಯಮವು ಹುಟ್ಟಬೇಕಾದುದು ಆ ಜೀವಿಯ ಬಾಳಿನ ತಿಳಿವಳಿಕೆಯಿಂದ.

ಈ ವಸಂತಬೇಟೆಯ ಕ್ರಮವೂ ಕುತೂಹಲಕರವಾದುದು. ಬೇಟೆಗಾರನು ಬೆಳಕು ಹರಿಯುವ ಮುನ್ನವೇ ಕಾಡನ್ನು ಹೊಕ್ಕು, ಎಲೆಗಳ ಬಣ್ಣದ ಉಡುಪನ್ನು ತೊಟ್ಟು, ದಪ್ಪವಾದ ಮರಕ್ಕೆ ಬೆನ್ನು ಕೊಟ್ಟು ಅಲುಗದೆ ಕೂರುತ್ತಾನೆ. ಮರದ ಮೇಲಿಂದಲೇ ಹುಂಜವು ಗಳಗಳನೆ ಕೂಗುತ್ತದೆ. ಬೇಟೆಗಾರನು ಪುಟ್ಟ ಮರದ ಪೆಟ್ಟಿಗೆಯ ಮುಚ್ಚಳವನ್ನು ಉಜ್ಜಿ, ಇಲ್ಲವೆ ಮೂಲನಿವಾಸಿಗಳು ಬಳಸುತ್ತಿದ್ದಂತೆ ಟರ್ಕಿಯ ರೆಕ್ಕೆಯ ಎಲುಬನ್ನು ಹೀರಿ, ಹೇಂಟೆಯ ದನಿಯನ್ನು ಹೊರಡಿಸುತ್ತಾನೆ. ಸಹಜವಾಗಿ ಹುಂಜದ ಕೂಗಿಗೆ ಹೇಂಟೆಯೇ ನಡೆದುಬರಬೇಕು; ಇಲ್ಲಿ ಹುಂಜವೇ ಬರಬೇಕೆಂದು ಬೇಟೆಗಾರನ ಹಂಚಿಕೆ. ಆದುದರಿಂದ ಅನುಮಾನಗೊಂಡ ಹಕ್ಕಿ ದೂರದಲ್ಲಿಯೇ ನಿಂತು ನೋಡುತ್ತದೆ. ಅದರ ಕಣ್ಣು ಬಹು ಚುರುಕು. ಬೆರಳು ಅಲುಗಿದರೂ ಓಡಿಹೋಗುತ್ತದೆ. ಎಷ್ಟೋ ಮುಂಜಾನೆಗಳು ಬರಿಗೈಯಲ್ಲಿಯೇ ಮುಗಿಯುತ್ತವೆ. ಎದುರಿಗೆ ಬಂದುದು ಹುಂಜವೆಂದು, ಎದೆಯಿಂದ ಜೋಲುವ ಗಡ್ಡದಂಥ ಗರಿಗೊಂಚಲನ್ನು ಕಂಡು ಖಚಿತಪಡಿಸಿಕೊಂಡಲ್ಲದೆ ಗುಂಡು ಹಾರಿಸಕೂಡದು. ಪೊದೆಯ ಅಲುಗಾಟಕ್ಕೆ, ಬರಿಯ ದನಿಗೆ ಗುರಿಯಿಟ್ಟರೆ ಕಾವು ಕೂರಬೇಕಾದ ಹೇಂಟೆಯೋ, ಅವನಂತೆಯೇ ಅಡಗಿ ಕುಳಿತ ಇನ್ನೊಬ್ಬ ಮನುಷ್ಯನೋ ಬಲಿಯಾಗಬಹುದು. ಒಂದೇ ನಳಿಗೆಯ ಕೋವಿಯ ಪಾಠ ಇಲ್ಲಿಯೂ ಸಲ್ಲುತ್ತದೆ.

ಕಾಡು ಟರ್ಕಿಯ ಈ ಪುನರಾಗಮನವನ್ನು ಲಿಯೊಪೋಲ್ಡ್ ಕಾಣಲಿಲ್ಲ. 1935ರಲ್ಲಿ ಅವನು ವಿಸ್ಕಾನ್ಸಿನ್ ನದಿಯ ಬಳಿ ಸತ್ವಗೆಟ್ಟ ಮರಳುನೆಲದ ಹೊಲವೊಂದನ್ನು ಕೊಂಡಿದ್ದನು. ಅಲ್ಲಿದ್ದ ಕಟ್ಟಡವೆಂದರೆ ಒಂದು ಹಳೆಯ ಕೋಳಿಗೂಡು. ಅದನ್ನೇ ಗುಡಿಸಲಾಗಿ ಮಾಡಿಕೊಂಡು, ಹೆಂಡತಿ ಮತ್ತು ಐವರು ಮಕ್ಕಳೊಡನೆ ಪ್ರತಿ ವಸಂತದಲ್ಲಿಯೂ ಅವನು ಸಾವಿರಾರು ಪೈನ್ ಸಸಿಗಳನ್ನು ನೆಟ್ಟನು. ಬರಗಾಲದಲ್ಲಿ ಅನೇಕವು ಒಣಗಿದವು. ಅವರು ಮತ್ತೆ ನೆಟ್ಟರು. ಮಣ್ಣು, ನೀರು, ಗಿಡ, ಪ್ರಾಣಿಗಳೆಲ್ಲ ಸೇರಿ ಒಂದು ಸಮುದಾಯ, ಮನುಷ್ಯನು ಅದರ ಒಡೆಯನಲ್ಲ, ಒಬ್ಬ ಸದಸ್ಯ ಎಂಬ ವಿಚಾರ ಆ ನೆಲದಲ್ಲಿ ಪಕ್ವವಾಯಿತು. 1948ರ ಏಪ್ರಿಲ್ 21ರಂದು ನೆರೆಯವರ ಹೊಲದಲ್ಲಿ ಹುಲ್ಲಿಗೆ ಬೆಂಕಿ ಬಿದ್ದಿತು. ಅದನ್ನು ನಂದಿಸಲು ಓಡಿದ ಲಿಯೊಪೋಲ್ಡ್ ಹೃದಯಾಘಾತದಿಂದ ಅಲ್ಲಿಯೇ ಕುಸಿದು ಅಸುನೀಗಿದನು. ಆಗ ಅವನಿಗೆ 61 ವರ್ಷ. ಅವನ ಪ್ರಬಂಧಗಳ ಹಸ್ತಪ್ರತಿಯನ್ನು ಪ್ರಕಾಶಕರು ಒಪ್ಪಿಕೊಂಡು ಒಂದು ವಾರವಷ್ಟೇ ಕಳೆದಿತ್ತು. ಮರುವರ್ಷ ಅಚ್ಚಾದ ಆ ಗ್ರಂಥವು ಪರಿಸರ ಚಿಂತನೆಯ ಹೆಗ್ಗುರುತಾಯಿತು.

1937ರಿಂದ ಟರ್ಕಿ ಬೇಟೆಯನ್ನು ನಿಲ್ಲಿಸಿದ್ದ ಮಿಸೌರಿಯಲ್ಲಿ 1960ರ ವಸಂತದಲ್ಲಿ 14 ಜಿಲ್ಲೆಗಳಲ್ಲಿ, ಮೂರೇ ದಿನಗಳ ಮಟ್ಟಿಗೆ ಬೇಟೆಗೆ ಅನುಮತಿ ದೊರೆಯಿತು. ಬೇಟೆಗಾರರಿಗೆ ದಕ್ಕಿದುದು 94 ಹುಂಜಗಳು. 1976ರಲ್ಲಿ ಅದೇ ರಾಜ್ಯದ ಕಾಡುಹಕ್ಕಿಗಳನ್ನು ವಿಸ್ಕಾನ್ಸಿನ್‌ಗೆ ತಂದು ಬಿಟ್ಟರು. 1983ರಲ್ಲಿ ಅಲ್ಲಿಯೂ ವಸಂತದ ಬೇಟೆ ಮೊದಲಾಯಿತು. ಇಂದು ಅಮೆರಿಕದ ಕಾಡು ಟರ್ಕಿಗಳ ಸಂಖ್ಯೆ ಲಕ್ಷಗಳಲ್ಲಿದೆ. ಲಿಯೊಪೋಲ್ಡ್‌ನ ಗುಡಿಸಲಿರುವ ಸಾಕ್ ಜಿಲ್ಲೆಯಲ್ಲಿಯೂ ವಸಂತದ ಮುಂಜಾನೆ ಹುಂಜದ ಕೂಗು ಕೇಳಿಸುತ್ತದೆ. ಆದರೆ ಈ ಕಥೆ ಮುಗಿದಿಲ್ಲ. ದಕ್ಷಿಣದ ಕೆಲವು ರಾಜ್ಯಗಳಲ್ಲಿ ಹಕ್ಕಿಗಳು ಮತ್ತೆ ಕಡಮೆಯಾದುದರಿಂದ, 2020ರ ಅನಂತರದ ವರ್ಷಗಳಲ್ಲಿ ಅಲ್ಲಿ ಬೇಟೆಯ ಋತುವನ್ನು ಮುಂದಕ್ಕೆ ಹಾಕಿ, ಒಬ್ಬನಿಗೆ ಸಲ್ಲುವ ಹಕ್ಕಿಗಳ ಸಂಖ್ಯೆಯನ್ನು ತಗ್ಗಿಸಿದರು. ಹುಂಜಗಳನ್ನು ಅವಸರದಿಂದ ತೆಗೆದರೆ ಹೇಂಟೆಗಳ ಕೂಟಕ್ಕೆ ಅಡ್ಡಿಯಾದೀತೆಂಬ ಶಂಕೆ ಅದಕ್ಕೆ ಕಾರಣ.

ಮಿಸಿಸಿಪಿಯ ದಂಡೆಯಲ್ಲಿ ಒಬ್ಬ ತಂದೆಯು, ಯಾರೂ ಹೇಳದಿದ್ದರೂ, ತನ್ನ ಕೋವಿಯನ್ನು ಗೋಡೆಗೆ ತೂಗುಹಾಕಿದನು. ಅವನ ಮಗನು ಆ ಸಂಯಮಕ್ಕೆ ಶಾಸ್ತ್ರದ ಬಲವನ್ನು ಕೊಟ್ಟನು. ಮೊಮ್ಮಗನು ಅದಕ್ಕೆ ಬೇಕಾದ ಅರಿವನ್ನು ಕಾಡಿನಿಂದ ಹೆಕ್ಕಿ ತಂದನು. ಪ್ರಕೃತಿಯಿಂದ ಏನನ್ನಾದರೂ ತೆಗೆದುಕೊಳ್ಳುವ ಮುನ್ನ, ಅದು ಏನನ್ನು ಕೊಡಬಲ್ಲದೆಂದು ವಿಚಾರಿಸಿಕೊಳ್ಳುವುದು ಮನುಷ್ಯನ ಕರ್ತವ್ಯ. ನೋಡುವವರಿಲ್ಲದ ಕಡೆಯಲ್ಲಿಯೂ ಆ ಕರ್ತವ್ಯವನ್ನು ಪಾಲಿಸಬೇಕೆಂಬುದೇ ಲಿಯೊಪೋಲ್ಡ್‌ನ ಬಾಳು ನಮಗೆ ಬಿಟ್ಟುಹೋದ ಪಾಠ.