ವೈದ್ಯೆಯೂ ಗುರುವೂ ಆದ ಕನ್ಯಾಸ್ತ್ರೀ: ಸಿಸ್ಟರ್ ಡಾಕ್ಟರ್ ಮೇರಿ ಗ್ಲೋರಿ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ನಮ್ಮ ಕ್ರೈಸ್ತ ಬಾಂಧವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ಹೆಸರನ್ನು ಕೇಳದವರು ವಿರಳ. ಆದರೆ ಅಂತಹ ಒಂದು ಕಥೋಲಿಕ ವೈದ್ಯಕೀಯ ಕಾಲೇಜಿಗಾಗಿ ಹಂಬಲಿಸಿ, ಅದನ್ನು ಕಾಣದೆಯೇ ಅದೇ ನಗರದಲ್ಲಿ ಕಣ್ಮುಚ್ಚಿದ ಕನ್ಯಾಸ್ತ್ರೀಯೊಬ್ಬರನ್ನು ಅರಿತವರೂ ವಿರಳವೇ. ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಅವರನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಮೇರಿ ಗ್ಲೋರಿಯವರು 1887ರ ಜೂನ್ 23ರಂದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಜನಿಸಿದರು. ಸ್ತ್ರೀಯರು ವೈದ್ಯಶಾಸ್ತ್ರ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಪದವಿ ಪಡೆದು, ಆ ನಗರದಲ್ಲಿಯೇ ಒಳ್ಳೆಯ ಹೆಸರು ಗಳಿಸಿದರು. 1915ರಲ್ಲಿ ಒಂದು ಕಿರುಹೊತ್ತಗೆ ಅವರ ಕೈಸೇರಿತು. ಅದು ಡಾಕ್ಟರ್ ಆಗ್ನೆಸ್ ಮೆಕ್‌ಲಾರೆನ್ ಎಂಬ ಮಹಿಳೆಯ ಸೇವೆಯನ್ನು ಕುರಿತದ್ದು. ಪುರುಷ ವೈದ್ಯರ ಬಳಿಗೆ ಹೋಗಲಾರದ ಭಾರತದ ತಾಯಂದಿರ, ಎಳೆಯ ಕೂಸುಗಳ ಸಾವಿನ ವೃತ್ತಾಂತವನ್ನು ಓದಿ ಮೇರಿಯವರ ಮನಸ್ಸು ಕರಗಿತು. ಪ್ರಭು ತಮ್ಮನ್ನು ಎಲ್ಲಿಗೆ ಕರೆಯುತ್ತಿರುವನೆಂಬುದು ಅವರಿಗೆ ಸ್ಪಷ್ಟವಾಯಿತು. ಆದರೂ ಆತುರಪಡದೆ, 1919ರಲ್ಲಿ ಎಂ.ಡಿ. ಪದವಿಯನ್ನೂ ಪಡೆದು, 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಕನ್ಯಾಸ್ತ್ರೀಯರ ಸಂಸ್ಥೆಯನ್ನು ಸೇರಿದರು.

ಇಲ್ಲೊಂದು ದೊಡ್ಡ ತೊಡಕಿತ್ತು. ವ್ರತ ಕೈಗೊಂಡವರು ವೈದ್ಯವೃತ್ತಿ ನಡೆಸುವುದನ್ನು ಅಂದಿನ ಧರ್ಮಸಭೆಯ ಕಾನೂನು ಒಪ್ಪುತ್ತಿರಲಿಲ್ಲ. ವ್ರತವನ್ನು ಆರಿಸಿಕೊಂಡರೆ ವೈದ್ಯವನ್ನು ಬಿಡಬೇಕು, ವೈದ್ಯವನ್ನು ಉಳಿಸಿಕೊಂಡರೆ ವ್ರತವನ್ನು ತೊರೆಯಬೇಕು. ಜಗದ್ಗುರು 15ನೆಯ ಬೆನೆಡಿಕ್ಟರು ವಿಶೇಷ ಅನುಮತಿ ನೀಡಿದ್ದರಿಂದ ಎರಡೂ ಒಂದೇ ಜೀವನದಲ್ಲಿ ಕೂಡಿ ಬಂದವು. ಎಲ್ಲ ಕನ್ಯಾಸ್ತ್ರೀಯರಿಗೂ ಆ ಬಾಗಿಲು ತೆರೆದದ್ದು 1936ರಲ್ಲಿ.

ಚಿಕ್ಕದೊಂದು ಔಷಧಾಲಯದಿಂದ ಆರಂಭವಾದ ಸೇವೆ ಗುಂಟೂರಿನ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ರೋಗಿಗಳು ಸಾವಿರಾರು, ಬಹುಕಾಲ ವೈದ್ಯೆ ಅವರೊಬ್ಬರೇ. ಒಬ್ಬರ ಎರಡು ಕೈಗಳಿಂದ ಈ ಕಾರ್ಯ ಮುಗಿಯದೆಂದು ಅರಿತ ಅವರು, ಸ್ಥಳೀಯ ಯುವತಿಯರಿಗೆ ಶುಶ್ರೂಷೆ, ಹೆರಿಗೆ ಮಾಡಿಸುವುದು, ಔಷಧ ತಯಾರಿಕೆ ಇವುಗಳನ್ನು ಕಲಿಸಿದರು. ತಮ್ಮ ವಿದ್ಯೆಯನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳಲಿಲ್ಲ. 1943ರಲ್ಲಿ ಕನ್ಯಾಸ್ತ್ರೀಯರನ್ನು ಒಗ್ಗೂಡಿಸಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಹಿರಿಯಾಸೆಯಾಗಿತ್ತು.

ಕೊನೆಗೆ ಅರ್ಬುದ ರೋಗದ ತೀವ್ರ ವೇದನೆಯನ್ನು ಅನುಭವಿಸಿ, 1957ರ ಮೇ 5ರಂದು ಬೆಂಗಳೂರಿನಲ್ಲಿ ಪ್ರಭುವಿನ ಪಾದ ಸೇರಿದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ನಗರದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಬಿತ್ತಿದವರೊಬ್ಬರು, ಫಲ ಕಂಡವರು ಬೇರೊಬ್ಬರು. 2013ರಲ್ಲಿ ಧರ್ಮಸಭೆ ಅವರನ್ನು ದೇವಸೇವಕಿ ಎಂದು ಘೋಷಿಸಿತು.

ಪ್ರಿಯ ಭಕ್ತಾದಿಗಳೇ, ಕನ್ಯಾಸ್ತ್ರೀಯರ ಸೇವೆಯನ್ನು ನಾವು ಮನಸಾರೆ ಹೊಗಳುತ್ತೇವೆ. ಆದರೆ ನಮ್ಮದೇ ಮಗಳು ಆ ದಾರಿ ಹಿಡಿಯುವೆನೆಂದಾಗ ಹಿಂಜರಿಯುತ್ತೇವೆ. ಹೆಣ್ಣುಮಗಳ ಓದು ಇಷ್ಟು ಸಾಕೆಂದು ನಡುವೆಯೇ ನಿಲ್ಲಿಸುವವರೂ ನಮ್ಮಲ್ಲಿದ್ದಾರೆ. ಓದಿದ ಮಗಳೊಬ್ಬಳನ್ನು ಪ್ರಭುವಿಗೆ ಕೊಟ್ಟ ಒಂದು ಮನೆತನದಿಂದ ದೂರದ ನಾಡಿನ ಎಷ್ಟು ತಾಯಂದಿರು ಬದುಕಿದರೆಂಬುದನ್ನು ನೆನೆಯೋಣ. ನಮ್ಮ ಧರ್ಮಕೇಂದ್ರದ ಮುಂದಿನ ನೂರು ವರ್ಷಗಳಲ್ಲಿ ಅಂತಹ ಕರೆಗೆ ಓಗೊಡುವ ಹೆಣ್ಣುಮಕ್ಕಳು ನಮ್ಮ ಮನೆಗಳಿಂದಲೂ ಹೊರಡಲೆಂದು ಪ್ರಾರ್ಥಿಸುತ್ತೇವೆ.