ಪುಲಿಗೆರೆಯ ಶರಣ ಆದಯ್ಯ ಮತ್ತು ಸತಿ ಪದ್ಮಾವತಿ

ಇಂದು ಗದಗ ಜಿಲ್ಲೆಗೆ ಸೇರಿರುವ ಲಕ್ಷ್ಮೇಶ್ವರವು ಪೂರ್ವದಲ್ಲಿ ಪುಲಿಗೆರೆಯೆಂದು ಪ್ರಸಿದ್ಧವಾಗಿದ್ದಿತು. ಪುಲಿಗೆರೆ ಮುನ್ನೂರೆಂಬ ನಾಡಿಗೆ ಅದೇ ತಲೆಪಟ್ಟಣ. ಆದಿಕವಿ ಪಂಪನು ಮೆಚ್ಚಿದ ತಿರುಳ್ಗನ್ನಡವು ಈ ನೆಲದ್ದು. ಬಸದಿಗಳೂ ಶಿವಾಲಯಗಳೂ ಒತ್ತೊತ್ತಾಗಿದ್ದ ಆ ಊರಿನಲ್ಲಿ ಜೈನ ಸೆಟ್ಟಿಗಳ ಸಿರಿಯೂ ಶಿವಭಕ್ತರ ಬಳಗವೂ ಜೊತೆಯಾಗಿಯೇ ಬೆಳೆದಿದ್ದವು. ಹನ್ನೆರಡನೆಯ ಶತಮಾನದಲ್ಲಿ ಇಂತಹ ಊರಿಗೆ ಸೌರಾಷ್ಟ್ರದಿಂದ ಬಂದ ಒಬ್ಬ ತರುಣ ವ್ಯಾಪಾರಿಯೇ ಮುಂದೆ ಸೌರಾಷ್ಟ್ರ ಸೋಮೇಶ್ವರನೆಂಬ ಅಂಕಿತದಲ್ಲಿ ಸುಮಾರು ನಾನೂರು ವಚನಗಳನ್ನು ನುಡಿದ ಶರಣ ಆದಯ್ಯ.

ಆದಯ್ಯನ ಚರಿತ್ರೆಯನ್ನು ಮೊದಲು ಹೇಳಿದವನು ಹರಿಹರ ಮಹಾಕವಿ. ಆತನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಸೋಮನಾಥ ಚರಿತೆಯಲ್ಲಿ ಅದನ್ನೇ ಷಟ್ಪದಿಗೆ ಏರಿಸಿದನು. ಸೋಮನಾಥನು ಪುಲಿಗೆರೆಗೆ ಬಂದ ಮಹಿಮೆಗಾಗಿ ಈ ಕಾವ್ಯಗಳನ್ನು ಓದುವವರೇ ಹೆಚ್ಚು. ಆದರೆ ಆ ಮಹಿಮೆಗೆಲ್ಲ ಮೂಲವಾದುದು ಒಂದು ಮದುವೆ, ಒಂದು ಮನೆ, ಒಂದು ಹೊತ್ತಿನ ಊಟ. ಗೃಹಸ್ಥರು ಗಮನಿಸತಕ್ಕ ಭಾಗವು ಅದೇ ಆಗಿದೆ.

ಆದಯ್ಯನ ತಂದೆ ಘೋರದತ್ತ, ತಾಯಿ ಪುಣ್ಯವತಿ. ತಂದೆಯ ವ್ಯಾಪಾರವನ್ನು ಕೈಗೆತ್ತಿಕೊಂಡ ಮಗನು ದಕ್ಷಿಣಕ್ಕೆ ಇಳಿದು ಪುಲಿಗೆರೆಗೆ ಬಂದನು. ಅಯ್ಯಾವೊಳೆಯ ಐನೂರ್ವರಂತಹ ವಣಿಕರ ಸಂಘಗಳು ನಾಡಿನಿಂದ ನಾಡಿಗೆ ಸಂಚರಿಸುತ್ತಿದ್ದ ಆ ಕಾಲದಲ್ಲಿ ಸೌರಾಷ್ಟ್ರದವನೊಬ್ಬನು ಕನ್ನಡನಾಡಿನ ಪೇಟೆಯಲ್ಲಿ ನಿಲ್ಲುವುದು ಸೋಜಿಗವಲ್ಲ. ಸೋಜಿಗವಾದುದು ಮುಂದಿನ ಸಂಗತಿ. ಊರಿನ ಜೈನ ಗೃಹಸ್ಥ ಪಾರಿಸಸೆಟ್ಟಿಯ ಮಗಳು ಪದ್ಮಾವತಿಯನ್ನು ಆತನು ಕಂಡನು; ಆಕೆಯೂ ಆತನನ್ನು ಕಂಡಳು. ಇಬ್ಬರ ಮನಸ್ಸೂ ಒಂದಾಯಿತು. ಪದ್ಮಾವತಿಯು ಶಿವಭಕ್ತಿಯನ್ನು ಕೈಕೊಂಡು ಆದಯ್ಯನ ಕೈಹಿಡಿದಳು.

ಈ ಮದುವೆಯ ವಿಶೇಷವನ್ನು ಅರಿಯಬೇಕಾದರೆ ನಾಡಿನ ವಾಡಿಕೆಯನ್ನು ಸ್ವಲ್ಪ ನೆನೆಯಬೇಕು. ಗದಗ, ಶಿರಹಟ್ಟಿ, ಮುಂಡರಗಿಗಳ ಸುತ್ತಿನ ಊರುಗಳಲ್ಲಿ ಹೆಣ್ಣು ಕೊಟ್ಟು ತರುವುದೆಂದರೆ ಬಹುಕಾಲದವರೆಗೆ ಕಳ್ಳುಬಳ್ಳಿಯೊಳಗಿನ ಮಾತೇ ಆಗಿದ್ದಿತು. ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆಯ ಮಗಳು—ಇವರಿಗೆ ಮೊದಲ ಹಕ್ಕು. ಬೆಡಗು ಒಂದೇ ಆಗಬಾರದೆಂಬ ಒಂದು ಎಚ್ಚರ, ಬಳಗವು ಹೊರಗಿನದಾಗಬಾರದೆಂಬ ಇನ್ನೊಂದು ಎಚ್ಚರ. 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದ ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆಯವರು ದಕ್ಷಿಣದ ಈ ಕ್ರಮವನ್ನು ಉತ್ತರದ ಕ್ರಮದಿಂದ ಬೇರ್ಪಡಿಸಿ ತೋರಿಸಿದರು. ಉತ್ತರದಲ್ಲಿ ಮದುವೆಯು ಅರಿಯದ ಮನೆಗಳನ್ನು ಹೊಸದಾಗಿ ಕೂಡಿಸುತ್ತದೆ. ದಕ್ಷಿಣದಲ್ಲಿ ಮೊದಲೇ ಇದ್ದ ನಂಟನ್ನು ಮತ್ತಷ್ಟು ಬಿಗಿಯುತ್ತದೆ. ಇಂತಹ ನೆಲದಲ್ಲಿ ಪದ್ಮಾವತಿಯು ವರಿಸಿದುದು ಕುಲವರಿಯದ, ಭಾಷೆ ಬೇರೆಯಾದ, ಧರ್ಮ ಬೇರೆಯಾದ ಪರನಾಡಿಗನನ್ನು. ಬೀಗತನಕ್ಕೆ ಬೇಕಾದ ಒಂದು ಎಳೆಯೂ ಅಲ್ಲಿರಲಿಲ್ಲ. ಇದ್ದುದು ಇಬ್ಬರ ಒಪ್ಪಿಗೆ ಮಾತ್ರ.

ಮದುವೆಯ ತರುವಾಯ ಆದಯ್ಯನು ಮಾವನ ಮನೆಯಲ್ಲಿಯೇ ನಿಂತನು. ತೊಡಕು ಅಲ್ಲಿಂದ ಪ್ರಾರಂಭವಾಯಿತು. ಮನೆಯಳಿಯನ ಸ್ಥಿತಿಯನ್ನು ವಿವರಿಸಬೇಕಾದುದಿಲ್ಲ; ಎಷ್ಟು ಆದರವಿದ್ದರೂ ಒಲೆಯ ಮೇಲೆ ಅವನಿಗೆ ಅಧಿಕಾರವಿಲ್ಲ. ಒಂದು ದಿನ ಆದಯ್ಯನು ಶಿವಭಕ್ತರನ್ನು ಊಟಕ್ಕೆ ಬಿನ್ನವಿಸಿ ಅಡುಗೆ ಮಾಡಿಸಿದನು. ಅದೇ ಹೊತ್ತಿಗೆ ಜೈನ ಮುನಿಗಳು ಬಂದರು. ಭಕ್ತರಿಗೆಂದು ಸಿದ್ಧವಾದ ಅಡುಗೆಯನ್ನು ಅತ್ತೆ ಮಾವಂದಿರು ಅವರಿಗೆ ಬಡಿಸಿದರು. ಕರೆದು ತಂದ ಜಂಗಮರು ಹಸಿದು ಹಿಂದಿರುಗುವ ಹಾಗಾಯಿತು.

ದಾಸೋಹವನ್ನೇ ಉಸಿರಾಗಿ ಬಗೆದವನಿಗೆ ಇದಕ್ಕಿಂತ ದೊಡ್ಡ ನೋವು ಯಾವುದು? ಆದರೆ ಪಾರಿಸಸೆಟ್ಟಿಯ ಪಕ್ಷವನ್ನೂ ನೋಡಬೇಕು. ಕವಿಗಳಿಬ್ಬರೂ ಶೈವರಾದುದರಿಂದ ಆತನ ಮನಸ್ಸಿನೊಳಗೆ ಅವರು ಹೊಕ್ಕು ನೋಡಲಿಲ್ಲ. ಮುನಿಗಳಿಗೆ ಆಹಾರದಾನ ಮಾಡುವುದು ಜೈನ ಶ್ರಾವಕನಿಗೆ ಪರಮ ಕರ್ತವ್ಯ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಆತನಿಂದ ಆಗದು. ಅಲ್ಲದೆ, ತನ್ನ ಮಗಳು ತನ್ನ ಕಣ್ಣೆದುರಿನಲ್ಲಿಯೇ ಕುಲಧರ್ಮವನ್ನು ಬಿಟ್ಟ ಅಳಲು ಆ ತಂದೆಗೆ ಇರಲಿಲ್ಲವೆಂದು ಯಾರು ಹೇಳಬಲ್ಲರು? ಎರಡು ಧರ್ಮಗಳು ಒಂದೇ ಸೂರಿನ ಕೆಳಗೆ ಒಂದೇ ಒಲೆಯನ್ನು ಹಂಚಿಕೊಳ್ಳಬೇಕಾದಾಗ ಯಾರ ಅತಿಥಿ ಮೊದಲು ಉಣ್ಣಬೇಕೆಂಬ ಪ್ರಶ್ನೆಯು ಎಂದಾದರೂ ಏಳಲೇಬೇಕಾಗಿದ್ದಿತು. ಮದುವೆಯ ದಿನ ಅದನ್ನು ಯಾರೂ ಕೇಳಿರಲಿಲ್ಲ.

ಮಾತು ಬೆಳೆದು ಹಟವಾಯಿತು. ಸೌರಾಷ್ಟ್ರದ ಸೋಮನಾಥನನ್ನೇ ಪುಲಿಗೆರೆಗೆ ತಂದು ಸುರಹೊನ್ನೆ ಬಸದಿಯಲ್ಲಿ ನಿಲ್ಲಿಸುವೆನೆಂದು ಆದಯ್ಯನು ಪ್ರತಿಜ್ಞೆ ಮಾಡಿ ಹೊರಟುಹೋದನು. ಆತನಿಗೆ ದಾರಿಯಿದ್ದಿತು, ಪದ್ಮಾವತಿಗೆ ಇದ್ದುದು ಮನೆಯೊಂದೇ. ಗಂಡನ ಶಪಥಕ್ಕೂ ಹೆತ್ತವರ ಕೋಪಕ್ಕೂ ನಡುವೆ, ಹುಟ್ಟಿದ ಮನೆಯಲ್ಲಿಯೇ ಪರಕೀಯಳಾಗಿ ನಿಂತ ಆ ಹೆಣ್ಣುಮಗಳ ಧೈರ್ಯವು ಆದಯ್ಯನ ಪ್ರಯಾಣಕ್ಕಿಂತ ಕಿರಿದಲ್ಲ.

ದಣಿದು ನಡೆಯುತ್ತಿದ್ದ ಭಕ್ತನನ್ನು ಶಿವನು ದಾರಿಯಲ್ಲಿ ತಾನೇ ಎದುರುಗೊಂಡನೆಂದೂ, ಸೋಮನಾಥನು ಪುಲಿಗೆರೆಯಲ್ಲಿ ನೆಲೆಸಿದನೆಂದೂ ಕಾವ್ಯಗಳು ವರ್ಣಿಸುತ್ತವೆ. ಪುಲಿಗೆರೆಯ ಸೋಮನಾಥನ ಕೀರ್ತಿಯು ಆ ಕಾಲದಲ್ಲಿ ದೊಡ್ಡದಾಗಿದ್ದಿತೆಂಬುದಕ್ಕೆ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಅಬ್ಬಲೂರಿನ ಶಾಸನವೂ ಸಾಕ್ಷಿಯಾಗಿದೆ. ಶೈವ ಜೈನರ ಕಲಹವನ್ನು ಕವಿಗಳು ಕಾವ್ಯಕ್ಕೆ ತಕ್ಕಂತೆ ಬೆಳೆಸಿರಬಹುದು. ಲಕ್ಷ್ಮೇಶ್ವರದಲ್ಲಿ ಶಂಖ ಬಸದಿಯೂ ಅನಂತನಾಥ ಬಸದಿಯೂ ಇಂದಿಗೂ ಇವೆ.

ಆದಯ್ಯನ ಮದುವೆಯು ಮನೆಯೊಳಗಿನ ಕದನವಾಯಿತು. ಅದೇ ಶತಮಾನದಲ್ಲಿ, 1167ರ ಸುಮಾರಿಗೆ, ಕಲ್ಯಾಣದಲ್ಲಿ ನಡೆದ ಇನ್ನೊಂದು ಮದುವೆಯು ರಾಜ್ಯದ ಕದನವೇ ಆಯಿತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣನಾಗಿದ್ದ ಮಧುವರಸನ ಮಗಳನ್ನು ಶರಣರು ತಂದುಕೊಂಡರು. ಬೀಗರಿಬ್ಬರೂ ಅದಕ್ಕೆ ತಮ್ಮ ಪ್ರಾಣವನ್ನು ತೆತ್ತರು. ಶರಣರ ದೃಷ್ಟಿಯಲ್ಲಿ ಲಿಂಗವಂತರಾದ ಇಬ್ಬರೂ ಸಮಾನಕುಲದವರೇ. ಆ ನ್ಯಾಯದಿಂದ ನೋಡಿದರೆ ದೀಕ್ಷೆ ಪಡೆದ ಪದ್ಮಾವತಿಯ ಮದುವೆಯೂ ಕುಲಮೀರಿದ ಮದುವೆಯಲ್ಲ. ಆದರೆ ಕುಲವನ್ನು ಬಿಟ್ಟು ಬರಬೇಕಾದವಳು ಹೆಣ್ಣೇ ಆದಳೆಂಬುದನ್ನು ಮರೆಯಲಾಗದು.

ಸರ್ಕಾರದ ಕಾನೂನು ಈ ತೊಡಕನ್ನು ಬಿಡಿಸಲು ಬಹು ನಿಧಾನ ಮಾಡಿತು. 1872ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ ಮದುವೆಯಾಗುವವರು ತಾವು ಹಿಂದೂ, ಜೈನ ಮೊದಲಾದ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಬರೆದುಕೊಡಬೇಕಾಗಿದ್ದಿತು. ಆದಯ್ಯನಂತಹವನು ಅದಕ್ಕೆ ಎಂದಿಗೂ ಒಪ್ಪುತ್ತಿರಲಿಲ್ಲ. 1923ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್, ಜೈನರಿಗೆ ಆ ಬಂಧನವನ್ನು ಸಡಿಲಿಸಿತು. 1949ರಲ್ಲಿ ಹಿಂದೂ, ಸಿಖ್, ಜೈನರೊಳಗೆ ಧರ್ಮ, ಜಾತಿ, ಒಳಜಾತಿ ಬೇರೆಯೆಂಬ ಕಾರಣಕ್ಕೆ ಮದುವೆಯು ಅಸಿಂಧುವಾಗದೆಂಬ ಶಾಸನವಾಯಿತು. 1955ರ ಹಿಂದೂ ವಿವಾಹ ಕಾಯಿದೆಯಂತೂ ವೀರಶೈವರನ್ನೂ ಲಿಂಗಾಯತರನ್ನೂ ಹೆಸರೆತ್ತಿ ಹೇಳಿ, ಜೈನರನ್ನೂ ಅದರೊಳಗೆ ಸೇರಿಸಿತು. ಅಂದರೆ ಸೆಟ್ಟಿಯ ಮಗಳು ಬಸದಿಯನ್ನು ಬಿಡದೆಯೂ, ವರನು ಲಿಂಗವನ್ನು ಬಿಡದೆಯೂ ಕೈಹಿಡಿಯಬಹುದೆಂದು ಕಾನೂನು ಒಪ್ಪಲು ಸುಮಾರು ಎಂಟು ನೂರು ವರ್ಷ ಬೇಕಾಯಿತು. ಒಲೆಯ ಪ್ರಶ್ನೆಗೆ ಯಾವ ಕಾಯಿದೆಯಲ್ಲಿಯೂ ಕಲಮಿಲ್ಲ. ಅದನ್ನು ಇಂದಿಗೂ ಆಯಾ ಮನೆಯವರೇ ಕುಳಿತು ಬಿಡಿಸಿಕೊಳ್ಳಬೇಕಾಗಿದೆ.

ಆದಯ್ಯನು ಕೊನೆಯವರೆಗೂ ಪುಲಿಗೆರೆಯವನಾಗಿಯೇ ಉಳಿದನು. ಆತನ ವಚನಗಳಲ್ಲಿ ಕಾಣುವುದು ಷಟ್‌ಸ್ಥಲದ ಗಂಭೀರ ವಿಚಾರ. ಮಾವನ ಮನೆಯ ಜಗಳದ ಕಹಿಗೆ ಅಲ್ಲಿ ಎಡೆಯಿಲ್ಲ. ಹುಟ್ಟಿದ ನಾಡು ಅಂಕಿತದಲ್ಲಿ ಉಳಿಯಿತು, ನುಡಿ ಮಾತ್ರ ಪದ್ಮಾವತಿಯ ನಾಡಿನದಾಯಿತು.

ಸೌರಾಷ್ಟ್ರದಿಂದ ಬಂದನೆಂದು ಜನರು ನಂಬುವ ಆ ಸೋಮೇಶ್ವರನು ಲಕ್ಷ್ಮೇಶ್ವರದ ಗುಡಿಯಲ್ಲಿ ಬರಿಯ ಲಿಂಗರೂಪದಲ್ಲಿಲ್ಲ. ಅಲ್ಲಿ ಶಿವನೂ ಪಾರ್ವತಿಯೂ ಒಂದೇ ನಂದಿಯ ಮೇಲೆ ಜೊತೆಯಾಗಿ ಕುಳಿತಿದ್ದಾರೆ.