ಒಂದು ಅಕ್ಷರ, ಎಂಟು ಗೆರೆ: ವಾಂಗ್ ಶೀಝಿ

ಚೀನಾದಲ್ಲಿ ಚೆಂದದ ಕೈಬರಹ ಅಂದ್ರೆ ಮೊದಲು ನೆನಪಾಗೋ ಹೆಸರು ವಾಂಗ್ ಶೀಝಿ. ಸಾವಿರದ ಆರುನೂರಕ್ಕೂ ಹೆಚ್ಚು ವರ್ಷ ಕಳೆದ್ರೂ ಅಲ್ಲಿ ಬ್ರಷ್ ಹಿಡಿದು ಬರೆಯೋದನ್ನ ಕಲಿಯೋರು ಇವತ್ತಿಗೂ ಅವರ ಅಕ್ಷರಗಳನ್ನೇ ತಿದ್ದುತ್ತಾರೆ. ಆದ್ರೆ ಇದು ಅವರೇ ಬರೆದದ್ದು ಅಂತ ಖಚಿತವಾಗಿ ಹೇಳಬಹುದಾದ ಒಂದು ಹಾಳೆಯೂ ಇವತ್ತು ಉಳಿದಿಲ್ಲ. ಹಾಗಿದ್ರೆ ಉಳಿದದ್ದು ಏನು? ಅದನ್ನ ತಿಳಿಯೋಕೆ ಅವರ ಜೀವನ ನೋಡೋಣ.

ವಾಂಗ್ ಅವರು ಹುಟ್ಟಿದ್ದು ಸುಮಾರು ಕ್ರಿ.ಶ. 303ರಲ್ಲಿ, ಈಗಿನ ಶಾನ್‌ಡಾಂಗ್ ಪ್ರಾಂತ್ಯದ ಲಿನ್ಯಿಯಲ್ಲಿ. ದೊಡ್ಡ ಮನೆತನ. ಉತ್ತರ ಚೀನಾದಲ್ಲಿ ಯುದ್ಧ, ಗಲಭೆ ಜೋರಾದಾಗ ಮನೆಯವರು ಎಲ್ಲಾ ಬಿಟ್ಟು ಯಾಂಗ್‌ಟ್ಸಿ ನದಿಯ ದಕ್ಷಿಣಕ್ಕೆ ವಲಸೆ ಬಂದರು. ಹುಡುಗನಿಗೆ ಬರಹ ಕಲಿಸಿದವರು ವೆಯ್ ಶುವೊ ಎಂಬ ಮಹಿಳೆ. ಅವರದ್ದೆಂದು ಹೇಳಲಾಗುವ ಪಾಠದಲ್ಲಿ ಒಂದೊಂದು ಗೆರೆಗೂ ಒಂದೊಂದು ಹೋಲಿಕೆ ಇದೆ. ಚುಕ್ಕಿ ಅಂದ್ರೆ ಬೆಟ್ಟದ ಮೇಲಿಂದ ಬೀಳ್ತಿರೋ ಕಲ್ಲು, ಅಡ್ಡಗೆರೆ ಅಂದ್ರೆ ಉದ್ದಕ್ಕೆ ಹರಡಿದ ಮೋಡ. ಅಂದ್ರೆ ಗೆರೆ ಬರೀ ಆಕಾರ ಅಲ್ಲ, ಅದೊಂದು ಚಲನೆ.

ಇಲ್ಲೇ ಗೆರೆಗಳ ಕ್ರಮದ ವಿಷಯ ಬರುತ್ತೆ. ಚೀನಿ ಅಕ್ಷರವನ್ನ ಹೇಗಂದ್ರೆ ಹಾಗೆ ಬರೆಯೋ ಹಾಗಿಲ್ಲ. ಮೇಲಿನದ್ದು ಮೊದಲು, ಕೆಳಗಿನದ್ದು ಆಮೇಲೆ. ಎಡ ಮೊದಲು, ಬಲ ಆಮೇಲೆ. ಹತ್ತು ಅನ್ನೋ ಅಕ್ಷರ ನಮ್ಮ ಪ್ಲಸ್ ಗುರುತಿನ ಹಾಗೇ ಇದೆ. ಅದರಲ್ಲಿ ಅಡ್ಡಗೆರೆ ಮೊದಲು, ಉದ್ದಗೆರೆ ಆಮೇಲೆ. ಸುತ್ತ ಚೌಕ ಇರೋ ಅಕ್ಷರ ಆದ್ರೆ ಗೋಡೆ ಕಟ್ಟಿ, ಜನರನ್ನ ಒಳಗೆ ಕಳಿಸಿ, ಕೊನೆಗೆ ಬಾಗಿಲು ಹಾಕಬೇಕು. ಈ ನಿಯಮಗಳನ್ನ ವಾಂಗ್ ಅವರು ಮಾಡಿದ್ದಲ್ಲ. ಆದ್ರೆ ಅವರು ಹೆಸರು ಮಾಡಿದ್ದು ಶಿಂಗ್‌ಶು ಅನ್ನೋ ಓಡುಬರಹದಲ್ಲಿ. ಅದರಲ್ಲಿ ಬ್ರಷ್ ಪೂರ್ತಿ ಮೇಲೇಳೋದು ಕಡಿಮೆ. ಒಂದು ಗೆರೆ ಮುಗಿದಲ್ಲಿಂದ ಮುಂದಿನ ಗೆರೆಗೆ ಸಣ್ಣ ಎಳೆ ಹೋಗುತ್ತೆ. ಕ್ರಮ ತಪ್ಪಿದ್ರೆ ಎಳೆಯೂ ತಪ್ಪುತ್ತೆ, ಓದೋರಿಗೆ ಅಕ್ಷರವೇ ಗೊತ್ತಾಗಲ್ಲ.

353ರಲ್ಲಿ ಅವರು ಕುವಾಯ್‌ಜಿಯ, ಅಂದ್ರೆ ಈಗಿನ ಶಾವೊಶಿಂಗ್ ಕಡೆಯ, ಆಡಳಿತಾಧಿಕಾರಿ. ಆ ವರ್ಷ ಮೂರನೇ ತಿಂಗಳ ಮೂರನೇ ದಿನ ಲಾನ್‌ಟಿಂಗ್ ಎಂಬಲ್ಲಿ ಸುಮಾರು ನಲವತ್ತು ಜನ ಗೆಳೆಯರು, ಬಂಧುಗಳು ಸೇರಿದರು. ತೊರೆಯಲ್ಲಿ ಮದ್ಯದ ಬಟ್ಟಲು ತೇಲಿಬಿಡೋದು, ಅದು ಯಾರ ಮುಂದೆ ನಿಲ್ಲುತ್ತೋ ಅವರು ಪದ್ಯ ಕಟ್ಟಬೇಕು, ಆಗದಿದ್ರೆ ದಂಡವಾಗಿ ಕುಡಿಯಬೇಕು! ಆ ಪದ್ಯಗಳಿಗೆ ವಾಂಗ್ ಅವರು ಮುನ್ನುಡಿ ಬರೆದರು. 28 ಸಾಲು, 324 ಅಕ್ಷರ. ಅಲ್ಲಲ್ಲಿ ಹೊಡೆದುಹಾಕಿ ತಿದ್ದಿದ್ದೂ ಇದೆ. ಅವರ ಹೆಸರಲ್ಲೇ ಇರೋ ಝಿ ಅನ್ನೋ ಪುಟ್ಟ ಅಕ್ಷರ ಅದರಲ್ಲಿ 20 ಸಲ ಬರುತ್ತೆ, ಪ್ರತಿ ಸಲವೂ ಬೇರೆ ರೂಪದಲ್ಲಿ. ಕ್ರಮ ಕೈಗೆ ಕೂತಿರೋನಿಗೆ ಮಾತ್ರ ಈ ಸ್ವಾತಂತ್ರ್ಯ ಸಿಗುತ್ತೆ ಅಂತ ನಮಗೆ ಅನ್ಸುತ್ತೆ. ಮುನ್ನುಡಿಯ ವಿಷಯ ಮಾತ್ರ ಸಂತೋಷದ್ದಲ್ಲ: ಈ ದಿನವೂ ಕಳೆದುಹೋಗುತ್ತೆ, ನಾವೂ ಹೋಗ್ತೀವಿ ಅನ್ನೋ ನೋವು.

ಎರಡು ವರ್ಷದಲ್ಲಿ ಮೇಲಧಿಕಾರಿಯ ಜೊತೆ ಮನಸ್ತಾಪ ಬಂತು. 355ರಲ್ಲಿ ಅಪ್ಪ ಅಮ್ಮನ ಸಮಾಧಿಯ ಮುಂದೆ ಆಣೆ ಮಾಡಿ ಅಧಿಕಾರ ಬಿಟ್ಟುಬಿಟ್ಟರು. ಸುಮಾರು 361ರಲ್ಲಿ ತೀರಿಕೊಂಡರು.

ಮುಂದೆ ಏಳನೇ ತಲೆಮಾರಿನಲ್ಲಿ ಝಿಯೋಂಗ್ ಎಂಬ ಬೌದ್ಧ ಸನ್ಯಾಸಿ ಬಂದರು. ಸಾವಿರ ಅಕ್ಷರಗಳ ಒಂದು ಪಾಠವನ್ನ ಅವರು 800 ಸಲ ಬರೆದು ದೇವಾಲಯಗಳಿಗೆ ಹಂಚಿದರಂತೆ. ಯೋಂಗ್, ಅಂದ್ರೆ ಶಾಶ್ವತ, ಅನ್ನೋ ಒಂದೇ ಅಕ್ಷರದಲ್ಲಿ ಎಂಟು ಮೂಲ ಗೆರೆಗಳನ್ನ ಕಲಿಸೋ ಪದ್ಧತಿಯನ್ನೂ ಪರಂಪರೆ ಈ ಮನೆತನಕ್ಕೇ ಜೋಡಿಸುತ್ತೆ. ಲಾನ್‌ಟಿಂಗ್ ಮುನ್ನುಡಿಯ ಮೊದಲ ಅಕ್ಷರವೂ ಅದೇ! ಏಳನೇ ಶತಮಾನದಲ್ಲಿ ಟಾಂಗ್ ದೊರೆ ಟಾಯ್‌ಝೊಂಗ್ ಆ ಮುನ್ನುಡಿಯ ಪ್ರತಿಗಳನ್ನ ಮಾಡಿಸಿದ. ಮೂಲ ಹಾಳೆ ಅವನ ಜೊತೆಗೇ ಸಮಾಧಿ ಸೇರಿತು ಅನ್ನೋದು ನಂಬಿಕೆ. ಒಂದು ಪ್ರಸಿದ್ಧ ಪ್ರತಿ ಈಗ ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿದೆ.

ಹಾಗಾಗಿ ಹಾಳೆ ಹೋಯ್ತು, ಕೈಯ ನಡೆ ಉಳೀತು. ಯಾವ ಗೆರೆ ಆದ್ಮೇಲೆ ಯಾವುದು ಅನ್ನೋದು ಕೈಯಿಂದ ಕೈಗೆ ದಾಟಿ ಬಂದಿದ್ದರಿಂದಲೇ ಇಂದಿನ ಮಗುವೂ ಅವರ ಅಕ್ಷರವನ್ನ ತಿದ್ದಬಹುದು. ಆದ್ರೆ ಈಗ ಚೀನಾದಲ್ಲೂ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಟೈಪ್ ಮಾಡ್ತಾರೆ. ಓದೋಕೆ ಬರೋ ಅಕ್ಷರವೂ ಪೆನ್ ಹಿಡಿದಾಗ ಕೈಗೆ ಬರಲ್ಲ ಅನ್ನೋ ಚಿಂತೆ ಅಲ್ಲಿದೆ. ವಾಟ್ಸಾಪ್‌ನಲ್ಲಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಬರೆಯೋ ನಮಗೆ ಇದು ದೂರದ ಮಾತೇನಲ್ಲ. ಬಿಡುವಿದ್ದಾಗ ಒಂದು ಹಾಳೆ ತಗೊಳ್ಳಿ, ಕನ್ನಡದ ನಲವತ್ತೊಂಬತ್ತು ಅಕ್ಷರಗಳನ್ನ ಕೈಯಲ್ಲೇ ಬರೆದು ನೋಡಿ. ಎಲ್ಲಿ ಕೈ ತಡೆಯುತ್ತೋ ಅಲ್ಲಿಂದ ಮತ್ತೆ ತಿದ್ದೋಣ.